ಹರಕೆಯ ಹುಂಜ

ನಮ್ಮ ಗೋಡೆ ಪತ್ರಿಕೆಯ ಹೋದ ಸಂಚಿಕೆಯಲ್ಲಿ ಹಸು ಸಾಕುವುದರ ಬಗ್ಗೆ ಓದಿದೆವು. ಅದಕ್ಕೂ ಹಿಂದೆ ರೇಷ್ಮೆ ಹುಳದ ಬಗ್ಗೆ ಬಂದಿತ್ತು. ಕೋಳಿಯ ಬಗ್ಗೆ ಮಾತ್ರ ಯಾರೂ ಬರೆದಿಲ್ಲ. ನಮ್ಮೂರಲ್ಲಿ ಕೋಳಿ ಇಲ್ಲದ ಬೀದಿಯೇ ಇಲ್ಲ. ಆದ್ದರಿಂದ ಈ ಸಲ ನಾನು ನಮ್ಮ ಮನೆಯ ಕೋಳಿಗಳ ಬಗ್ಗೆ, ಅದರಲ್ಲೂ ಒಂದು ಕೆಂಪು ಹುಂಜದ ಬಗ್ಗೆ ಬರೆದಿದ್ದೇನೆ. ಆ ಹುಂಜ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಕೆಲವರನ್ನು ಅದು ಹಾಲಿನ ಡೈರಿಯವರೆಗೂ ಅಟ್ಟಿಸಿಕೊಂಡು ಹೋಗಿದೆ.

ಮೊದಲು ಕೋಳಿ ಸಾಕುವ ವಿಷಯ ಹೇಳುತ್ತೇನೆ. ನಮ್ಮ ಮನೆಯಲ್ಲಿ 8 ಹ್ಯಾಟೆಗಳಿವೆ. ಪುಸ್ತಕದಲ್ಲಿ ಹೇಂಟೆ ಎಂದು ಬರೆಯುತ್ತಾರೆ, ನಾವು ಹ್ಯಾಟೆ ಅನ್ನುತ್ತೇವೆ. ಎಲ್ಲವೂ ನಾಟಿ ಕೋಳಿಗಳು. ಬೆಳಿಗ್ಗೆ ಗೂಡು ತೆಗೆದ ಕೂಡಲೆ ಒಂದು ಹಿಡಿ ರಾಗಿ, ಒಂದು ಹಿಡಿ ನುಚ್ಚು ಎರಚುತ್ತೇವೆ. ಆಮೇಲೆ ಅವು ತಿಪ್ಪೆ ಕೆದರಿ, ಹುಳ ಹುಪ್ಪಟೆ ತಿಂದು ಹೊಟ್ಟೆ ತುಂಬಿಸಿಕೊಳ್ಳುತ್ತವೆ. ಸಾಯಂಕಾಲ ಕರೆಯುವುದೇ ಬೇಡ. ಕತ್ತಲಾಗುವ ಮೊದಲೇ ಬಂದು ಗೂಡಿನ ಬಾಗಿಲಲ್ಲಿ ನಿಂತಿರುತ್ತವೆ.

ಫಾರಂ ಕೋಳಿ ವರ್ಷಕ್ಕೆ ಸುಮಾರು 300 ಮೊಟ್ಟೆ ಇಡುತ್ತದೆಯಂತೆ. ನಾಟಿ ಕೋಳಿ 60 ಇಟ್ಟರೆ ಹೆಚ್ಚು. ಹನ್ನೆರಡು ಹದಿನೈದು ಮೊಟ್ಟೆ ಇಟ್ಟ ಮೇಲೆ ಅದು ಕಾವಿಗೆ ಕೂರುತ್ತದೆ. ಆದರೆ ನಾಟಿ ಮೊಟ್ಟೆಗೆ ಬೆಲೆ ಜಾಸ್ತಿ. ನಮ್ಮಮ್ಮ ಒಂದಕ್ಕೆ 12 ರೂಪಾಯಿಯಂತೆ ಮಾರುತ್ತಾರೆ. ಈ ದುಡ್ಡು ಅಪ್ಪನ ಕೈಗೆ ಹೋಗುವುದಿಲ್ಲ. ಸಕ್ಕರೆ ಡಬ್ಬದ ಹಿಂದೆ ಇರುವ ಇನ್ನೊಂದು ಡಬ್ಬಕ್ಕೆ ಹೋಗುತ್ತದೆ. ನನ್ನ ನೋಟ್ ಪುಸ್ತಕ, ಕಂಪಾಸ್ ಪೆಟ್ಟಿಗೆ, ತಂಗಿಯ ಚಪ್ಪಲಿ, ಅಜ್ಜಿಯ ಎಲೆ ಅಡಿಕೆ ಎಲ್ಲವೂ ಆ ಡಬ್ಬದಿಂದಲೇ ಬರುತ್ತವೆ.

ಕಾವಿಗೆ ಕೂರಿಸುವ ಕೆಲಸ ಅಜ್ಜಿಯದು. ಮಂಕರಿಗೆ ಹುಲ್ಲು ಹಾಕಿ 11 ಅಥವಾ 13 ಮೊಟ್ಟೆ ಇಡುತ್ತಾರೆ. ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ ಒಂದು ಕಬ್ಬಿಣದ ಚೂರನ್ನೂ ಇದ್ದಿಲನ್ನೂ ಜೊತೆಗೆ ಇಡುತ್ತಾರೆ. ಅದು ಅವರ ನಂಬಿಕೆ. ಏಳನೇ ದಿನ ರಾತ್ರಿ ನಾನು ಟಾರ್ಚ್ ಹಿಡಿದು ಮೊಟ್ಟೆ ನೋಡುತ್ತೇನೆ. ಒಳಗೆ ಕೆಂಪು ದಾರದ ಹಾಗೆ ರಕ್ತನಾಳ ಕಂಡರೆ ಮರಿ ಆಗುತ್ತದೆ. ಏನೂ ಕಾಣದಿದ್ದರೆ ಅದು ಗೊಡ್ಡು ಮೊಟ್ಟೆ. 21 ದಿನಕ್ಕೆ ಮರಿ ಮೊಟ್ಟೆ ಒಡೆದು ಹೊರಗೆ ಬರುತ್ತದೆ.

ಹುಂಜ ಇಲ್ಲದಿದ್ದರೂ ಹ್ಯಾಟೆ ಮೊಟ್ಟೆ ಇಡುತ್ತದೆ. ಇದು ನಮ್ಮ ತರಗತಿಯಲ್ಲೇ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಆದರೆ ಆ ಮೊಟ್ಟೆ ಮರಿಯಾಗುವುದಿಲ್ಲ. ಮರಿ ಬೇಕಾದರೆ ಹುಂಜ ಬೇಕೇ ಬೇಕು. ಹತ್ತು ಹ್ಯಾಟೆಗೆ ಒಂದು ಹುಂಜ ಸಾಕು.

ಕೋಳಿಗೆ ಬರುವ ದೊಡ್ಡ ಕಾಯಿಲೆ ಎಂದರೆ ಕೊಕ್ಕರೆ ರೋಗ. ಇದಕ್ಕೆ ರಾಣಿಖೇತ್ ರೋಗ ಅಂತಲೂ ಹೆಸರು. ರಾಣಿಖೇತ್ ಎಂಬುದು ಈಗಿನ ಉತ್ತರಾಖಂಡದ ಒಂದು ಊರು. 2023ರ ಬೇಸಿಗೆಯಲ್ಲಿ ಈ ರೋಗ ಬಂದು ನಮ್ಮ 14 ಕೋಳಿಗಳಲ್ಲಿ 11 ಸತ್ತವು. ಅಮ್ಮನ ಡಬ್ಬ ಆ ವರ್ಷ ಖಾಲಿಯಾಗಿಯೇ ಇತ್ತು. ಅವತ್ತಿನಿಂದ ಅಮ್ಮ ಪಶು ಡಾಕ್ಟರ ಹತ್ತಿರ ಕೇಳಿ ಲಸಿಕೆ ಹಾಕಿಸುತ್ತಾರೆ. ಮೊದಲ ವಾರದಲ್ಲಿ ಮರಿಯ ಕಣ್ಣಿಗೋ ಮೂಗಿಗೋ ಒಂದು ಹನಿ. ಎರಡು ತಿಂಗಳಿಗೆ ರೆಕ್ಕೆಯ ಕೆಳಗೆ ಸೂಜಿ.

ಇನ್ನು ಹುಂಜದ ಕಥೆಗೆ ಬರುತ್ತೇನೆ.

2024ರ ಮಳೆಗಾಲದಲ್ಲಿ ನನ್ನ ತಂಗಿಗೆ ಡೆಂಗಿ ಜ್ವರ ಬಂತು. ಆಗ ಅವಳಿಗೆ ನಾಲ್ಕು ವರ್ಷ. ತಾಲ್ಲೂಕು ಆಸ್ಪತ್ರೆಯಲ್ಲಿ ಐದು ದಿನ ಮಲಗಿಸಿದ್ದರು. ಮೂರನೇ ದಿನ ಅಜ್ಜಿ ಮಾರಮ್ಮನ ಗುಡಿಗೆ ಹೋಗಿ, "ಮಗು ಹುಷಾರಾಗಿ ಮನೆಗೆ ಬರಲಿ ತಾಯಿ, ಬರೋ ಜಾತ್ರೆಗೆ ಕೆಂಪು ಹುಂಜ ಒಪ್ಪಿಸ್ತೀನಿ" ಅಂತ ಹರಕೆ ಹೊತ್ತರು. ತಂಗಿ ಹುಷಾರಾಗಿ ಬಂದಳು. ಆಗ ನಮ್ಮಲ್ಲಿ ಆರು ತಿಂಗಳ ಎಳೆ ಹುಂಜವೊಂದಿತ್ತು. ಬೆಂಕಿ ಬಣ್ಣದ ಕತ್ತು, ಕಪ್ಪು ಬಾಲ. ಅಜ್ಜಿ ಅದರ ಕಾಲಿಗೆ ಅರಿಶಿನ ದಾರ ಕಟ್ಟಿ, "ಇದು ಅಮ್ನೋರ ಹುಂಜ. ಯಾರೂ ಹೊಡೀಬಾರ್ದು, ಮಾರಬಾರ್ದು" ಎಂದರು.

ದೀಪಾವಳಿ ಕಳೆಯುವಷ್ಟರಲ್ಲಿ ಹುಂಜ ಬಲಿತಿತ್ತು. ಮೊದಲು ಬೆಕ್ಕನ್ನು ಓಡಿಸಿತು. ಆಮೇಲೆ ಪಕ್ಕದ ಮನೆಯ ನಾಯಿಯನ್ನು ಓಡಿಸಿತು. ನಾವೆಲ್ಲಾ ನಕ್ಕೆವು. ನಂತರ ಸೈಕಲ್ಲಿನಲ್ಲಿ ಸೊಪ್ಪು ಮಾರಲು ಬರುವವರ ಪಂಚೆ ಹಿಡಿಯಿತು. ಆಗಲೂ ಬೀದಿಯವರು ನಕ್ಕರು. ಕೊನೆಗೆ ಮಕ್ಕಳ ಮೇಲೆ ಬೀಳಲು ಶುರು ಮಾಡಿತು.

ಹುಂಜ ಸುಮ್ಮನೆ ಮೇಲೆ ಬೀಳುವುದಿಲ್ಲ. ಮೊದಲೇ ಹೇಳಿ ಬೀಳುತ್ತದೆ. ಅದರ ಭಾಷೆ ನಮಗೆ ತಿಳಿಯಬೇಕು ಅಷ್ಟೆ. ಕತ್ತಿನ ಗರಿ ಕೊಡೆಯ ಹಾಗೆ ಅರಳಿಸುತ್ತದೆ. ಒಂದು ರೆಕ್ಕೆ ಕೆಳಗಿಳಿಸಿ ಅಡ್ಡಡ್ಡ ಹೆಜ್ಜೆ ಹಾಕುತ್ತದೆ. ಕಾಳು ಇಲ್ಲದ ಕಡೆಯೂ ನೆಲ ಕುಕ್ಕಿದ ಹಾಗೆ ಮಾಡುತ್ತದೆ, ಆದರೆ ಕಣ್ಣು ನಮ್ಮ ಮೇಲೇ ಇರುತ್ತದೆ. ನಾವು ಬೆನ್ನು ತಿರುಗಿಸಿದೆವೋ, ಹಾರಿ ಎರಡೂ ಕಾಲಿಂದ ಒದೆಯುತ್ತದೆ. ಕೊಕ್ಕಿಗಿಂತ ಕಾಲೇ ಅಪಾಯ. ಯಾಕೆಂದರೆ ಕಾಲಿನ ಹಿಂದೆ ಚೂಪಾದ ಮುಳ್ಳು ಇರುತ್ತದೆ. ನಮಗಾದರೆ ಮೊಣಕಾಲಿಗೆ ತಾಗುತ್ತದೆ. ನಾಲ್ಕು ವರ್ಷದ ಮಗುವಿಗೆ ಮುಖಕ್ಕೇ ತಾಗುತ್ತದೆ.

ಹಾಗೆಯೇ ಆಯಿತು. ಡಿಸೆಂಬರ್ ತಿಂಗಳ ಒಂದು ಭಾನುವಾರ ತಂಗಿ ಜಗಲಿಯ ಮೇಲೆ ಕೂತು ಬಟ್ಟಲಲ್ಲಿ ಪುರಿ ತಿನ್ನುತ್ತಿದ್ದಳು. ನಾನು ನಲ್ಲಿಯ ಹತ್ತಿರ ಕೊಡ ತುಂಬಿಸುತ್ತಿದ್ದೆ. ನಾಲ್ಕು ಪುರಿ ಕೆಳಗೆ ಬಿದ್ದವು. ಹ್ಯಾಟೆಗಳು ಓಡಿ ಬಂದವು. ಇಷ್ಟೊಂದು ಕೋಳಿ ಬಂದಿದ್ದಕ್ಕೆ ತಂಗಿ ಎದ್ದು ಒಳಗೆ ಓಡಲು ನೋಡಿದಳು. ತಿಪ್ಪೆಯ ಮೇಲಿದ್ದ ಹುಂಜ ಅಲ್ಲಿಂದಲೇ ಹಾರಿ ಬಂತು. ನಾನು ಕೊಡ ಬಿಟ್ಟು ಓಡಿ ಬರುವಷ್ಟರಲ್ಲಿ ಅವಳು ಬಿದ್ದಿದ್ದಳು. ಅಮ್ಮ ಎತ್ತಿಕೊಂಡಾಗ ಮುಖವೆಲ್ಲ ರಕ್ತ. ಕಣ್ಣಿಗೇ ಆಗಿದೆ ಎಂದು ಅಮ್ಮ ಕಿರುಚಿದರು.

ಅಜ್ಜಿ ಅರಿಶಿನ ತಂದರು. ಅಪ್ಪ ಬೇಡವೆಂದು ನೀರಲ್ಲಿ ಮುಖ ತೊಳೆಸಿ, ಬೈಕಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ನರ್ಸಮ್ಮ ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ ಚೆನ್ನಾಗಿ ತೊಳೆದರು. ತಾಯಿ ಕಾರ್ಡ್ ನೋಡಿ ಧನುರ್ವಾಯು ಲಸಿಕೆ ಆಗಿದೆಯೇ ಎಂದು ವಿಚಾರಿಸಿದರು. ಗಾಯ ಎಡಗಣ್ಣಿನಿಂದ ಅರ್ಧ ಅಂಗುಲ ಕೆಳಗೆ ಆಗಿತ್ತು. "ಇದು ಇನ್ನು ಸ್ವಲ್ಪ ಮೇಲೆ ಆಗಿದ್ರೆ ಏನ್ರೀ ಗತಿ" ಎಂದು ಡಾಕ್ಟರು ಅಪ್ಪನನ್ನು ಕೇಳಿದರು. ಅಪ್ಪ ಏನೂ ಹೇಳಲಿಲ್ಲ.

ಮಾರನೇ ದಿನ ಶಾಲೆಯಲ್ಲಿ ಕೆಲವರು "ನಿನ್ನ ತಂಗಿಗೆ ಹುಚ್ಚು ಹಿಡಿಯುತ್ತೆ, ಹೊಕ್ಕುಳ ಸುತ್ತ ಸೂಜಿ ಹಾಕ್ತಾರೆ" ಎಂದು ಹೆದರಿಸಿದರು. ಅದು ಸುಳ್ಳು. ನರ್ಸಮ್ಮನನ್ನೇ ಕೇಳಿದೆ. ಹುಚ್ಚು ರೋಗ ನಾಯಿ, ಬೆಕ್ಕು, ಕೋತಿಯಂಥ ಹಾಲು ಕುಡಿಸುವ ಪ್ರಾಣಿಗಳಿಂದ ಬರುತ್ತದೆ. ಕೋಳಿಯಿಂದ ಬರುವುದಿಲ್ಲ. ಹೊಕ್ಕುಳ ಸುತ್ತ ಸೂಜಿ ಹಾಕುವುದೂ ಈಗ ಇಲ್ಲ, ನಾಯಿ ಕಚ್ಚಿದರೂ ತೋಳಿಗೇ ಹಾಕುತ್ತಾರೆ.

ನನಗೆ ಹೆಚ್ಚು ಸಿಟ್ಟು ಬಂದಿದ್ದು ಇನ್ನೊಂದು ಮಾತಿಗೆ. ನೋಡಲು ಬಂದ ದೊಡ್ಡವರೆಲ್ಲಾ "ಮಗು ಏನೋ ಕೆಣಕಿರಬೇಕು, ಇಲ್ಲದಿದ್ರೆ ಅದ್ಯಾಕೆ ಮೇಲೆ ಬೀಳುತ್ತೆ" ಅಂದರು. ನಾನು ಕಣ್ಣಾರೆ ನೋಡಿದ್ದೇನೆ. ತಂಗಿ ಏನೂ ಕೆಣಕಲಿಲ್ಲ. ಓಡಿದಳು ಅಷ್ಟೆ. ಚಿಕ್ಕ ಮಕ್ಕಳು ಹೆದರಿದರೆ ಓಡದೆ ಇನ್ನೇನು ಮಾಡುತ್ತಾರೆ?

ಅವತ್ತು ರಾತ್ರಿ ಮನೆಯಲ್ಲಿ ದೊಡ್ಡ ಮಾತುಕತೆ ಆಯಿತು. ಅಪ್ಪ, "ನಾಳೆನೇ ಕುಯ್ದು ಸಾರು ಮಾಡಿ" ಅಂದರು. ಅಜ್ಜಿ, "ಮಗು ಉಳಿದಿದ್ದೇ ಆ ಹರಕೆಯಿಂದ. ಜಾತ್ರೆಗೆ ಮುಂಚೆ ಮುಟ್ಟಬೇಡ" ಅಂತ ಅತ್ತರು. ಅಪ್ಪ, "ಅವ್ವಾ, ಉಳಿದಿರೋ ಮಗೂನ ಕಣ್ಣು ಹೋದ್ರೆ ಏನ್ ಮಾಡೋಣ" ಎಂದರು. ಅಮ್ಮ ಇಬ್ಬರ ಕಡೆಯೂ ಮಾತಾಡಲಿಲ್ಲ. ಅಷ್ಟು ಹೊತ್ತು ತಂಗಿ ಅಮ್ಮನ ಮಡಿಲಲ್ಲೇ ಮಲಗಿದ್ದಳು. ಆಮೇಲೆ ಅಮ್ಮ, "ಜಾತ್ರೆಗೆ ಇನ್ನು ನಾಲ್ಕು ತಿಂಗಳು. ಅಲ್ಲೀವರೆಗೂ ಹುಂಜ ಇರಲಿ. ಆದ್ರೆ ಹುಂಜ ಹೊರಗಿದ್ದಾಗ ಮಗು ಹೊರಗಿರಬಾರ್ದು, ಮಗು ಹೊರಗಿದ್ದಾಗ ಹುಂಜ ಹೊರಗಿರಬಾರ್ದು" ಎಂದು ಹೇಳಿದರು. ಅದೇ ತೀರ್ಮಾನವಾಯಿತು.

ಅಪ್ಪ ಕೊಟ್ಟಿಗೆಯ ಪಕ್ಕದಲ್ಲಿ ಬಿದಿರು ಗಳ ನೆಟ್ಟು, ಸುತ್ತಲೂ ತಂತಿ ಜಾಲರಿ ಹೊಡೆದು ಬೇರೆ ಗೂಡು ಮಾಡಿದರು. ಹತ್ತು ಅಡಿ ಉದ್ದ, ಆರು ಅಡಿ ಅಗಲ. ಮೇಲೆ ತೆಂಗಿನ ಗರಿ. ರಾತ್ರಿ ಅಜ್ಜಿ ಹುಂಜವನ್ನು ಗೋಣಿಚೀಲದಲ್ಲಿ ಸುತ್ತಿ ಹಿಡಿದುಕೊಂಡರು. ಅಪ್ಪ ಕಾಲಿನ ಮುಳ್ಳಿನ ತುದಿಯನ್ನು ಅರದಿಂದ ಉಜ್ಜಿ ಮೊಂಡು ಮಾಡಿದರು. ತುದಿ ಮಾತ್ರ ಉಜ್ಜಬೇಕು. ಮುಳ್ಳಿನ ಒಳಗೆ ಮೂಳೆಯೂ ರಕ್ತವೂ ಇರುತ್ತದೆ, ಜಾಸ್ತಿ ಉಜ್ಜಿದರೆ ರಕ್ತ ಬರುತ್ತದೆ.

ತಂಗಿ ಅಂಗನವಾಡಿಗೆ ಹೋದ ಮೇಲೆ ಹುಂಜವನ್ನು ಬಿಡುತ್ತಿದ್ದೆವು. ಅವಳು ಬರುವ ಮೊದಲು ಗೂಡಿಗೆ ಹಾಕುತ್ತಿದ್ದೆವು. ರಜಾ ದಿನಗಳಲ್ಲಿ ಇಡೀ ದಿನ ಗೂಡಿನಲ್ಲೇ. ಇದರಿಂದ ಒಂದು ನಷ್ಟವೂ ಆಯಿತು. ಜನವರಿಯಲ್ಲಿ ಒಂದೇ ವಾರದಲ್ಲಿ ಗಿಡುಗ ಮೂರು ಮರಿಗಳನ್ನು ಎತ್ತಿಕೊಂಡು ಹೋಯಿತು. ಮೂರೂ ಸಲ ಹುಂಜ ಗೂಡಿನೊಳಗಿತ್ತು. ಅಮ್ಮ ಲೆಕ್ಕ ಹಾಕಿ ನಿಟ್ಟುಸಿರು ಬಿಟ್ಟರು. ಆದರೂ ಹುಂಜ ಬಿಡಲಿಲ್ಲ. ಮರಿಗಳನ್ನು ಮಂಕರಿ ಕೆಳಗೆ ಮುಚ್ಚಿದರು.

ಆಗ ನಾನು ಒಂದು ವಿಷಯ ಗಮನಿಸಿದೆ. ಆಕಾಶದಲ್ಲಿ ಗಿಡುಗ ಕಂಡರೆ ಹುಂಜ ಉದ್ದಕ್ಕೆ ಒಂದೇ ಸಲ ಕೀರಲು ದನಿ ತೆಗೆಯುತ್ತದೆ. ಆಗ ಕೋಳಿಗಳೆಲ್ಲಾ ಬೇಲಿ ಸಂದಿಗೆ ಸೇರಿಕೊಂಡು ಅಲ್ಲಾಡದೆ ನಿಲ್ಲುತ್ತವೆ. ನೆಲದ ಮೇಲೆ ನಾಯಿ ಅಥವಾ ಮುಂಗುಸಿ ಬಂದರೆ "ಕೊಕ್ ಕೊಕ್ ಕೊಕ್ಕೋ" ಅಂತ ಬಿಡದೆ ಕೂಗುತ್ತದೆ. ಆಗ ಕೋಳಿಗಳು ತಲೆ ಎತ್ತಿ ಸುತ್ತ ನೋಡುತ್ತವೆ. ಎರಡು ಅಪಾಯಕ್ಕೆ ಎರಡು ಮಾತು! ಕಾಳು ಸಿಕ್ಕಿದರೆ ಮೂರನೇ ಮಾತು. ತಾನು ತಿನ್ನದೆ ಮೆಲ್ಲಗೆ ಕೊಕ್ಕೊಕ್ ಎಂದು ಹ್ಯಾಟೆಗಳನ್ನು ಕರೆಯುತ್ತದೆ.

ಇದನ್ನು ನಮ್ಮ ವಿಜ್ಞಾನದ ಮೇಷ್ಟ್ರಿಗೆ ಹೇಳಿದೆ. ಅವರು ಬಹಳ ಸಂತೋಷಪಟ್ಟು, ಸಾಕಿದ ಕೋಳಿಗಳೆಲ್ಲ ಮುಖ್ಯವಾಗಿ ಕೆಂಪು ಕಾಡುಕೋಳಿಯಿಂದ ಬಂದವು ಎಂದು ವಿವರಿಸಿದರು. ನಮ್ಮ ದಕ್ಷಿಣದ ಕಾಡುಗಳಲ್ಲಿರುವುದು ಬೂದು ಕಾಡುಕೋಳಿ. ಅದರ ಅಂಶವೂ ಸೇರಿದೆಯಂತೆ. ಎಷ್ಟೋ ನಾಟಿ ಕೋಳಿಗಳ ಹಳದಿ ಕಾಲು ಬೂದು ಕಾಡುಕೋಳಿಯಿಂದ ಬಂದಿದ್ದು ಎಂದು ವಿಜ್ಞಾನಿಗಳು 2008ರಲ್ಲಿ ಕಂಡುಹಿಡಿದರು. ಕಾಡಿನಲ್ಲಿ ಹುಂಜ ಕಾವಲು ಕಾಯದಿದ್ದರೆ ಗುಂಪು ಉಳಿಯುವುದಿಲ್ಲ. ಐದಾರು ತಿಂಗಳಿಗೆ ಪ್ರಾಯಕ್ಕೆ ಬಂದ ಕೂಡಲೆ ಆ ಗುಣ ಮೈಗೆ ಬರುತ್ತದೆ. ಕೆಲವು ಹುಂಜಗಳಿಗೆ ಸ್ವಲ್ಪ, ಕೆಲವಕ್ಕೆ ವಿಪರೀತ.

ಅಂದರೆ ಮರಿಗಳನ್ನು ಗಿಡುಗದಿಂದ ಉಳಿಸುವುದೂ ಅದೇ ಗುಣ, ನನ್ನ ತಂಗಿಯ ಮುಖಕ್ಕೆ ಒದ್ದಿದ್ದೂ ಅದೇ ಗುಣ. ಹುಂಜಕ್ಕೆ ಗಿಡುಗ ಯಾವುದು ಮಗು ಯಾವುದು ಅಂತ ಗೊತ್ತಾಗಲಿಲ್ಲ. ಗೊತ್ತಿರಬೇಕಾದ್ದು ನಮಗೆ. ಅದರ ಕೆಲಸ ಕೋಳಿ ಕಾಯುವುದು, ನಮ್ಮ ಕೆಲಸ ಮಗು ಕಾಯುವುದು.

ಸಂಕ್ರಾಂತಿಗೆ ಮೊದಲು ಆಂಧ್ರದ ಗಡಿ ಕಡೆಯಿಂದ ಒಬ್ಬರು ಬಂದರು. ಹುಂಜದ ಸುದ್ದಿ ಅವರವರೆಗೂ ಹೋಗಿತ್ತು! ಪಂದ್ಯಕ್ಕೆ ಬೇಕು, 3000 ರೂಪಾಯಿ ಕೊಡುತ್ತೇನೆ ಎಂದರು. ಅಮ್ಮನಿಗೆ ಅದು 250 ಮೊಟ್ಟೆಯ ದುಡ್ಡು. ಕಾಲಿಗೆ ಕತ್ತಿ ಕಟ್ಟಿ ಕಾದಾಡಿಸುತ್ತಾರೆ ಎಂದು ನನಗೆ ಗೊತ್ತಿತ್ತು. ಪ್ರಾಣಿಗಳನ್ನು ಹೀಗೆ ಕಾದಾಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆ ಪ್ರಕಾರ ಅಪರಾಧ. ಅಪ್ಪ ಅಜ್ಜಿಯ ಮುಖ ನೋಡಿದರು. ಅಜ್ಜಿ ಎದ್ದು ಒಳಗೆ ಹೋದರು. "ಇಲ್ಲ ಸ್ವಾಮಿ, ಅದು ದೇವರದು" ಎಂದು ಅಪ್ಪ ಅವರನ್ನು ಕಳಿಸಿದರು.

ತಂಗಿಯ ಗಾಯ ಎರಡು ವಾರಕ್ಕೆ ಒಣಗಿತು, ಹೆದರಿಕೆ ಒಣಗಲಿಲ್ಲ. ಬೆಳಗಿನ ಜಾವ ಹುಂಜ ಕೂಗಿದರೂ ಅವಳು ನನ್ನನ್ನು ಅಪ್ಪಿಕೊಳ್ಳುತ್ತಿದ್ದಳು. ಹಿತ್ತಲಿಗೆ ಒಬ್ಬಳೇ ಹೋಗುತ್ತಿರಲಿಲ್ಲ. ಆಗ ನಾನು ಅವಳನ್ನು ಎತ್ತಿಕೊಂಡು ದಿನಾ ಜಾಲರಿಯ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಮೊದಲು ದೂರದಲ್ಲಿ, ಆಮೇಲೆ ಒಂದೊಂದೇ ಹೆಜ್ಜೆ ಹತ್ತಿರ. ಒಂದು ತಿಂಗಳಿಗೆ ಕೆಳಗಿಳಿದು ನಿಂತಳು. ಮಾರ್ಚ್ ಹೊತ್ತಿಗೆ ತಾನೇ ಜಾಲರಿಯೊಳಕ್ಕೆ ರಾಗಿ ಎರಚಿದಳು. ಹುಂಜ ಕತ್ತಿನ ಗರಿ ಅರಳಿಸಿದಾಗ, "ಅಕ್ಕಾ, ಕೋಪ ಬಂತು ನೋಡು" ಎಂದಳು. ಅವಳಿಗೂ ಅದರ ಭಾಷೆ ತಿಳಿಯಿತು. ಆದರೆ ಜಾಲರಿಯ ಬಾಗಿಲನ್ನು ಒಂದು ದಿನವೂ ಅವಳ ಎದುರಿಗೆ ತೆಗೆಯಲಿಲ್ಲ.

ಕೆಲವರು ಆಗ ಶಾಲೆಯಿಂದ ಬರುವಾಗ ನಮ್ಮ ಬೇಲಿ ಪಕ್ಕ ನಿಂತು, ಹುಂಜ ಹಾರಲಿ ಅಂತ ಕಲ್ಲು ಹೊಡೆಯುತ್ತಿದ್ದರು. ಹೆಸರು ಬರೆಯುವುದಿಲ್ಲ. ಇದನ್ನು ಓದುವಾಗ ಅವರಿಗೇ ಗೊತ್ತಾಗುತ್ತದೆ. ಕಲ್ಲು ಹೊಡೆದು ನೀವು ಓಡಿ ಹೋಗುತ್ತೀರಿ. ಹುಂಜಕ್ಕೆ ತಾನೇ ಗೆದ್ದೆ ಅಂತ ಅನ್ನಿಸುತ್ತದೆ. ಆಮೇಲೆ ಆ ದಾರಿಯಲ್ಲಿ ಬರುವ ಚಿಕ್ಕ ಮಗುವಿನ ಮೇಲೆ ಅದು ಬೀಳುತ್ತದೆ.

2025ರ ಏಪ್ರಿಲ್‌ನಲ್ಲಿ ಜಾತ್ರೆ ಆಯಿತು. ಅಜ್ಜಿ ಹುಂಜವನ್ನು ಕಂಕುಳಲ್ಲಿ ಇಟ್ಟುಕೊಂಡು ಗುಡಿಗೆ ಹೋದರು. ಗುಡಿಯ ಹತ್ತಿರ ಬಲಿ ಕೊಡಬಾರದು ಎಂದು 1959ರಲ್ಲೇ ಕಾನೂನು ಆಗಿದೆ. ಆದ್ದರಿಂದ ಅಲ್ಲಿ ಪೂಜೆ ಮಾತ್ರ. ಪೂಜಾರಪ್ಪ ತೀರ್ಥ ಚಿಮುಕಿಸಿದಾಗ ಹುಂಜ ಮೈ ಕೊಡವಿದರೆ ದೇವರು ಒಪ್ಪಿದ ಹಾಗೆ. ನಮ್ಮ ಹುಂಜ ಮೊದಲು ಪೂಜಾರಪ್ಪನ ಕೈ ಕುಕ್ಕಿತು. ಜನ ಎಲ್ಲ ನಕ್ಕರು. ಆಮೇಲೆ ಜೋರಾಗಿ ಮೈ ಕೊಡವಿತು. ಅಜ್ಜಿ ಕಣ್ಣು ಒರೆಸಿಕೊಂಡರು.

ಮಧ್ಯಾಹ್ನ ಮನೆಯಲ್ಲಿ ನೆಂಟರಿಗೆಲ್ಲಾ ಊಟ. ತಂಗಿ ಜಾಲರಿಯ ಹತ್ತಿರ ಹೋಗಿ, "ಹುಂಜ ಎಲ್ಲಿ?" ಅಂತ ಕೇಳಿದಳು. ಅಜ್ಜಿ, "ಅಮ್ನೋರ ಹತ್ರ ಹೋಯ್ತು ಮಗಾ" ಎಂದರು. ನಾನು ಅವತ್ತು ಮುದ್ದೆಗೆ ಸೊಪ್ಪಿನ ಸಾರು ಹಾಕಿಸಿಕೊಂಡೆ. ಯಾರೂ ಏನೂ ಅನ್ನಲಿಲ್ಲ.

ಈಗ ಅಮ್ಮ ಇನ್ನೊಂದು ಹುಂಜ ಬಿಟ್ಟಿದ್ದಾರೆ. ಈ ಸಲ ಬಣ್ಣ ನೋಡಿ ಆರಿಸಲಿಲ್ಲ. ಎಳೆ ಹುಂಜಗಳು ಮೂರು ಇದ್ದವು. ತಿಂಗಳುಗಟ್ಟಲೆ ಅವುಗಳ ನಡತೆ ನೋಡಿ, ಯಾವುದು ಮನುಷ್ಯರು ಬಂದಾಗ ದಾರಿ ಬಿಟ್ಟು ಪಕ್ಕಕ್ಕೆ ಹೋಗುತ್ತದೋ ಅದನ್ನೇ ಇಟ್ಟುಕೊಂಡು ಉಳಿದ ಎರಡನ್ನು ಮಾರಿದರು. ಆದರೂ ಜಾಲರಿ ಗೂಡನ್ನು ಕಿತ್ತಿಲ್ಲ.

ಗೆಳೆಯರೇ, ನಾನು ಅಜ್ಜಿಯಿಂದ, ಪಶು ಡಾಕ್ಟರಿಂದ, ನೋಡಿ ತಿಳಿದಿದ್ದರಿಂದ ಕಲಿತ ಮಾತುಗಳನ್ನು ಕೆಳಗೆ ಬರೆದಿದ್ದೇನೆ.

1. ಹುಂಜ ಎದುರಾದರೆ ಓಡಬೇಡಿ, ಬೆನ್ನು ತಿರುಗಿಸಬೇಡಿ. ಅದರ ಕಡೆಗೇ ಮುಖ ಮಾಡಿ ನಿಧಾನವಾಗಿ ಪಕ್ಕಕ್ಕೆ ಸರಿಯಿರಿ.

2. ಒದೆಯಬೇಡಿ, ಕಲ್ಲು ಹೊಡೆಯಬೇಡಿ. ಅದು ಜಗಳಕ್ಕೆ ಕರೆದ ಹಾಗೆ.

3. ಕೋಳಿಗೂಡಿಗೆ ಹೋಗುವಾಗ ಕೈಯಲ್ಲಿ ಮೊರ ಅಥವಾ ಗೋಣಿಚೀಲ ಇರಲಿ. ಹಾರಿ ಬಂದರೆ ಅಡ್ಡ ಹಿಡಿಯಬಹುದು.

4. ಚಿಕ್ಕ ಮಕ್ಕಳ ಕೈಗೆ ತಿಂಡಿ ಕೊಟ್ಟು ಕೋಳಿಗಳ ನಡುವೆ ಬಿಡಬೇಡಿ.

5. ಗಾಯವಾದರೆ ಸೋಪು ನೀರಲ್ಲಿ ತೊಳೆದು ಆಸ್ಪತ್ರೆಗೆ ತೋರಿಸಿ. ಕಣ್ಣಿನ ಹತ್ತಿರವಾದರೆ ಏನನ್ನೂ ಹಚ್ಚದೆ ಕೂಡಲೆ ಹೋಗಿ.

6. ಮನುಷ್ಯರ ಮೇಲೆ ಬೀಳುವ ಹುಂಜವನ್ನು ಬೇರೆ ಗೂಡಿನಲ್ಲಿ ಇಡಿ. ಅದರ ಮರಿಯನ್ನು ಮುಂದಿನ ಹುಂಜವಾಗಿ ಬಿಡಬೇಡಿ. ಸಿಟ್ಟು ಸ್ವಲ್ಪ ಮಟ್ಟಿಗೆ ವಂಶದಿಂದಲೂ ಬರುತ್ತದೆ.

ದೊಡ್ಡವರಲ್ಲಿ ನನ್ನದೊಂದು ವಿನಂತಿ. ಮಗುವಿಗೆ ಗಾಯವಾದಾಗ "ನೀನೇ ಏನೋ ಮಾಡಿರ್ತೀಯ" ಎನ್ನಬೇಡಿ. ಹುಂಜ ನಾಯಿಯನ್ನು ಓಡಿಸಿದ ದಿನ ನಾವು ನಗುತ್ತೇವೆ. ಆ ದಿನವೇ ಅದಕ್ಕೊಂದು ಗೂಡು ಮಾಡಬೇಕು.

ಈಗ ಅಂಗನವಾಡಿಗೆ ಹೋಗುವ ದಾರಿಯಲ್ಲಿ ಮೂರು ಮನೆಗಳಲ್ಲಿ ಬಲಿತ ಹುಂಜಗಳಿವೆ. ಆ ಮೂರೂ ಮನೆಯವರು ನಮ್ಮ ಶಾಲೆಯಲ್ಲೇ ಓದುತ್ತಿದ್ದಾರೆ. ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಹುಂಜ ಕತ್ತಿನ ಗರಿ ಹೇಗೆ ಅರಳಿಸುತ್ತದೆ, ಯಾರನ್ನು ನೋಡಿ ಅರಳಿಸುತ್ತದೆ ಎಂದು ಸ್ವಲ್ಪ ಗಮನಿಸಿ, ಮನೆಯಲ್ಲಿ ತಿಳಿಸಿ. ನನ್ನ ತಂಗಿ ದಿನಾ ಅದೇ ದಾರಿಯಲ್ಲಿ ನಡೆದು ಹೋಗುತ್ತಾಳೆ.

— 7ನೇ ತರಗತಿಯ ವಿದ್ಯಾರ್ಥಿನಿ